ತೆಂಗಿನ ಗರಿಯ ಆಚೆ

"ಗುರುಗಳೇ, ಯಾರಿಗೂ ಕೇಡಾಗದಿದ್ದರೆ, ಒಬ್ಬರಿಗಾಗಿ ಒಂದು ಸಲ ಕಟ್ಟಳೆ ಸಡಿಲಿಸುವುದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಕೇಳಿದ.

ಅನುಷ್ಠಾನದ ದಿನಗಳಲ್ಲಿ ಮಠದ ಗುಹೆಯೊಳಗೆ ಯಾರಿಗೂ ಪ್ರವೇಶವಿರಲಿಲ್ಲ. ಶಿಷ್ಯನಿಗೆ ಬೇಕಾದವರೊಬ್ಬರು ದೂರದಿಂದ ಬಂದು ಹೊರಗೆ ಕಾದಿದ್ದರು. "ಅವರು ಬಹಳ ಒಳ್ಳೆಯವರು. ಸುಮ್ಮನೆ ನೋಡಿಕೊಂಡು ಹೋಗುತ್ತಾರೆ" ಎಂದ.

"ಒಳ್ಳೆಯವರೇ ಇರಬೇಕು. ಕೆಟ್ಟವರಾಗಿದ್ದರೆ ನೀನೇ ಓಡಿಸುತ್ತಿದ್ದೆ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ದಕ್ಷಿಣದ ಮಹಾಸಾಗರದ ನಡುವೆ ಒಂದು ದ್ವೀಪ. ಅಲ್ಲೊಂದು ಹಳ್ಳಿ. ಹಳ್ಳಿಯ ಆಚೆಗಿನ ದಂಡೆಯಲ್ಲಿ ಭೂಮಿಯ ಒಳಗಿನ ಕಾವಿಗೆ ಮರಳು ಸದಾ ಬೆಚ್ಚಗಿರುತ್ತಿತ್ತು. ಬೇರೆಲ್ಲೂ ಕಾಣದ ಒಂದು ಹಕ್ಕಿ ಅಲ್ಲಿ ಮೊಟ್ಟೆಗಳನ್ನು ಹೂತಿಟ್ಟು ಕಾಡಿಗೆ ಹೋಗುತ್ತಿತ್ತು. ತಾಯಿ ಕಾವು ಕೊಡುವುದಿಲ್ಲ. ಮರಿ ತಾನೇ ಮರಳು ಅಗೆದುಕೊಂಡು ಹೊರಗೆ ಬರಬೇಕು.

ಮೊದಲ ಹಕ್ಕಿ ಬಂದ ದಿನ ಹಳ್ಳಿಯ ಮುಖಂಡ ದಂಡೆಯ ದಾರಿಗೆ ಒಂದು ತೆಂಗಿನ ಗರಿ ಅಡ್ಡ ಕಟ್ಟುತ್ತಿದ್ದ. ಕೊನೆಯ ಮರಿ ಹಾರಿಹೋಗುವ ತನಕ ಅದನ್ನು ಯಾರೂ ದಾಟಬಾರದು. ಬಿಚ್ಚಿದರೆ ದಂಡೆ ಎಲ್ಲರದು. ಮತ್ತೆ ಕಟ್ಟುವುದು ಮರುವರ್ಷವೇ. ಅಲ್ಲಿ ಕಾವಲುಗಾರನಿರಲಿಲ್ಲ, ಬೇಲಿಯಿರಲಿಲ್ಲ. ಒಂದು ಒಣಗಿದ ಗರಿ, ಅಷ್ಟೆ.

ಆ ವರ್ಷ ಬಿರುಗಾಳಿಗೆ ಊರು ನಂಬಿಕೊಂಡಿದ್ದ ಜೀಗುಜ್ಜೆ ಕಾಯಿಯ ಫಸಲೆಲ್ಲ ನೆಲ ಕಚ್ಚಿತ್ತು. ಊರೇ ಅರೆಹೊಟ್ಟೆಯಲ್ಲಿತ್ತು. ಮುಖಂಡನ ಮಗಳು ಬಂದು, ಜ್ವರದಿಂದ ಎದ್ದ ತನ್ನ ಕೂಸಿಗೆ ಒಂದೇ ಒಂದು ಮೊಟ್ಟೆ ತಂದುಕೊಡು ಎಂದು ಬೇಡಿಕೊಂಡಳು.

"ಗರಿ ಕಟ್ಟಿದ ಮೇಲೆ ನನಗೂ ಇಲ್ಲ, ನಿನಗೂ ಇಲ್ಲ, ಮಗಳೇ" ಎಂದ ಮುಖಂಡ. ಅವಳು ಅಳುತ್ತ ಹೋದಳು. ಆದರೆ ಗರಿ ದಾಟಲಿಲ್ಲ.

ಆ ದಿನಗಳಲ್ಲೇ ಒಬ್ಬ ವರ್ತಕ ಹಡಗಿನಿಂದ ಇಳಿದ. ಹಕ್ಕಿಗಳೆಂದರೆ ಅವನಿಗೆ ಪ್ರಾಣ. ಊರಿನವರು ಚಾಪೆ ಹಾಸಿ, ಬೇರು ಅರೆದು ಮಾಡಿದ ಪಾನೀಯದ ಮೊದಲ ಬಟ್ಟಲನ್ನು ಅವನ ಕೈಗೆ ಕೊಟ್ಟರು. ಆ ಬಟ್ಟಲು ಕುಡಿದ ಅತಿಥಿ ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ. ಇದನ್ನು ಅವನಿಗೆ ತಿಳಿಸಿಯೇ ಕೊಟ್ಟಿದ್ದರು. ಬಂದವರು ಸಾಮಾನ್ಯವಾಗಿ ಚಾಪೆಯನ್ನೋ ಹಂದಿಯನ್ನೋ ಕೇಳುತ್ತಿದ್ದರು.

ವರ್ತಕನಿಗೆ ಅಂಥ ದುರಾಸೆಯಿರಲಿಲ್ಲ. "ನನಗೆ ನಿಮ್ಮ ವಸ್ತು ಯಾವುದೂ ಬೇಡ, ಯಜಮಾನರೇ. ಒಂದು ಮರಿ ಮರಳಿನಿಂದ ಹೊರಬರುವುದನ್ನು ನೋಡಬೇಕು. ಏನನ್ನೂ ಮುಟ್ಟುವುದಿಲ್ಲ" ಎಂದ.

ಮುಖಂಡ ಇಲ್ಲವೆನ್ನುವಂತಿರಲಿಲ್ಲ. ಗರಿಯ ಕೆಳಗಿನಿಂದ ಅತಿಥಿಯನ್ನು ಗುಟ್ಟಾಗಿ ನುಸುಳಿಸುವುದು ಅವನಿಗೆ ಬರಲಿಲ್ಲ. ಪಾಪ, ಪ್ರಾಮಾಣಿಕ ಮನುಷ್ಯ. ಎಲ್ಲರ ಕಣ್ಣೆದುರಿಗೇ ನಡೆದುಹೋಗಿ ಗಂಟು ಬಿಚ್ಚಿದ.

ವರ್ತಕ ಹೋದ. ಉಸಿರು ಬಿಗಿಹಿಡಿದು ಕೂತ. ಮರಳು ಅಲುಗಿತು, ಒಂದು ಮರಿ ತಲೆಯೆತ್ತಿತು, ಮೈ ಕೊಡವಿ ಕಾಡಿನ ಕಡೆಗೆ ಓಡಿತು. ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ಕಣ್ಣೀರೇ, ಅದರಲ್ಲಿ ಸಂಶಯವಿಲ್ಲ. ಮಾತು ಕೊಟ್ಟ ಹಾಗೆ ಏನನ್ನೂ ಮುಟ್ಟದೆ ಎದ್ದು ಬಂದ.

ದಾರಿಯಲ್ಲಿ ಮುಖಂಡನ ಮಗಳು ಎದುರಾದಳು. ಅವಳ ಕೈಯಲ್ಲಿ ಬುಟ್ಟಿಯಿತ್ತು, ಅಗೆಯುವ ಕೋಲಿತ್ತು. ಅವಳ ಹಿಂದೆ ಇಡೀ ಊರಿತ್ತು.

ಮುಖಂಡ ಅಡ್ಡ ನಿಂತ. ಮಗಳು, "ನನ್ನ ಕೂಸಿಗೆ ಇಲ್ಲ ಅಂದೆ, ನಾನು ಸುಮ್ಮನಾದೆ. ಈಗ ಯಾರಿಗೋ ಬಿಚ್ಚಿದ್ದೀಯಲ್ಲ, ಅಪ್ಪಾ" ಎಂದಳು. ಅವನು ಪಕ್ಕಕ್ಕೆ ಸರಿದು ನಿಂತ.

ಸಂಜೆಯಾಗುವಷ್ಟರಲ್ಲಿ ದಂಡೆಯನ್ನೆಲ್ಲ ಅಗೆದು ಹಾಕಿದ್ದರು. ಹಸಿದವರು ತಿಂದರು, ಹಸಿಯದವರೂ ತಿಂದರು. ಕೂಸು ಚೇತರಿಸಿಕೊಂಡಿತು. ಮರುವರ್ಷ ಮುಖಂಡ ಗರಿ ಕಟ್ಟಿದ. ಜನ ಅದನ್ನು ನೋಡಿ ನಕ್ಕು ದಾಟಿಹೋದರು. ಕೆಲವು ವರ್ಷ ನಾಲ್ಕಾರು ಹಕ್ಕಿಗಳು ಬಂದವು, ಆಮೇಲೆ ಒಂದೂ ಬರಲಿಲ್ಲ. ಆ ಕೂಸು ದೊಡ್ಡದಾಗಿ, ಹಕ್ಕಿ ಹೇಗಿತ್ತು ಎಂದು ತಾಯಿಯನ್ನು ಕೇಳುತ್ತಿತ್ತಂತೆ.

ವರ್ತಕ ಊರಿಗೆ ಮರಳಿ ತಾನು ಕಂಡ ಹಕ್ಕಿಯ ಬಗ್ಗೆ ಸಭೆ ಸಭೆಗಳಲ್ಲಿ ಮಾತಾಡಿದ. ಜನ ಮೆಚ್ಚಿದರು, ಹಾರ ಹಾಕಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆದರೆ ಗುರುಗಳೇ, ಅವನು ಒಂದು ಮೊಟ್ಟೆಯನ್ನೂ ಮುಟ್ಟಲಿಲ್ಲ. ಎಲ್ಲವನ್ನೂ ತಿಂದು ಹಾಳುಮಾಡಿದವರು ಆ ಹಳ್ಳಿಯವರೇ ಅಲ್ಲವೇ?" ಎಂದ.

ಗುರುಗಳು ಎದ್ದು ನಿಂತರು.

"ಅವನೂ ಸಾಯುವ ತನಕ ಇದೇ ಮಾತು ಹೇಳಿದ."