ತೇಪೆ ಹಾಕಿದ ಹೊಗೆಕೊಳವೆ

“ಗುರುಗಳೇ, ಭಾವ ತೀರಿಕೊಂಡಾಗ ನಾನು ಅಕ್ಕನ ಮನೆಗೆ ಹೋಗಲಿಲ್ಲ. ಬಹಳ ಕಾಲ ಅವಳು ನನ್ನನ್ನು ಬೈಯುತ್ತಿದ್ದಳು. ಆಮೇಲೆ ನಾನು ಹಬ್ಬಕ್ಕೆ ಸೀರೆ, ಹಣ್ಣು ಕಳಿಸತೊಡಗಿದೆ. ಈಗ ಅವಳು ಆ ಮಾತೇ ಎತ್ತುವುದಿಲ್ಲ. ಅವಳ ನೋವು ವಾಸಿಯಾಯಿತು ಎಂದುಕೊಳ್ಳಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲತೀರದಲ್ಲಿ ಒಬ್ಬ ದೋಣಿಯವನಿದ್ದ. ಹಾಯಿ ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಅವನು ಹಾಕಿದ ತೇಪೆ ಬಿರುಗಾಳಿಗೂ ಬಿಚ್ಚುತ್ತಿರಲಿಲ್ಲ. ಗಾಳಿ ಇಲ್ಲದ ದಿನಕ್ಕಿರಲಿ ಎಂದು ದೋಣಿಗೆ ಒಂದು ಎಂಜಿನ್ನನ್ನೂ ಕೂರಿಸಿಕೊಂಡಿದ್ದ. ಅದು ಕಡಲ ನೀರನ್ನೇ ಎಳೆದುಕೊಂಡು ಮೈ ತಂಪು ಮಾಡಿಕೊಳ್ಳುತ್ತಿತ್ತು. ಆಮೇಲೆ ಆ ನೀರನ್ನು ಹೊಗೆಯ ಜೊತೆ ಹಿಂದಕ್ಕೆ ಉಗುಳುತ್ತಿತ್ತು. ನೀರೂ ಹೊಗೆಯೂ ಕೂಡುವ ಕಡೆ ಬಾಗಿದ ಒಂದು ಕಬ್ಬಿಣದ ಕೊಳವೆ ಇತ್ತು. ನೀರು ಎಂಜಿನ್ನಿಗೆ ಹಿಂದಿರುಗದಂತೆ ಅದರೊಳಗಿನ ಒಂದು ಗೋಡೆ ತಡೆಯುತ್ತಿತ್ತು.

ಒಂದು ದಿನ ಆ ಕೊಳವೆ ತೊಟ್ಟಿಕ್ಕತೊಡಗಿತು. ದೋಣಿಗಳು ನಿಲ್ಲುವ ಧಕ್ಕೆಯ ಮೇಸ್ತ್ರಿ ನೋಡಿ, “ಬಿಚ್ಚಿ ಒಳಗೆ ಕಾಣ್ಬೇಕು ಮಾರಾಯಾ. ಉಪ್ಪು ಒಳಗಿಂದ್ಲೇ ತಿಂತದೆ” ಎಂದ.

“ಬಿಚ್ಚಿ ಕೂತ್ರೆ ಮೀನು ನಂಗೆ ಕಾಯ್ತದಾ? ಅಷ್ಟುದ್ದ ಹಾಯಿಗೇ ತೇಪೆ ಹಾಕಿದವ ನಾನು. ಈ ಸೂಜಿಮೊನೆ ತೂತು ಯಾವ ಲೆಕ್ಕ!” ಎಂದ ದೋಣಿಯವನು.

ಹಳೆಯ ಹಾಯಿಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಕೊಳವೆಗೆ ಸುತ್ತಿದ. ಮೇಲೆ ನೂಲು ಬಿಗಿದು ಬಣ್ಣ ಬಳಿದ. ತೊಟ್ಟಿಕ್ಕುವುದು ನಿಂತಿತು. ಬಂದವರಿಗೆಲ್ಲ ತೋರಿಸಿ ಮೀಸೆ ತಿರುವಿದ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಗಾದೆಗಳನ್ನು ನಾವು ಇಟ್ಟುಕೊಂಡಿರುವುದು ಪಕ್ಕದ ಮನೆಯವರಿಗಾಗಿಯಲ್ಲವೇ?

ಮುಂದೊಂದು ಬೆಳಗ್ಗೆ ಕಡಲ ಮೇಲೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಅವನ ತಮ್ಮನ ದೋಣಿಯ ಚುಕ್ಕಾಣಿ ಮುರಿದಿತ್ತು. ನೀರಿನ ಸೆಳೆತ ಆ ದೋಣಿಯನ್ನು ಬಂಡೆಗಳತ್ತ ಒಯ್ಯುತ್ತಿತ್ತು. ತಮ್ಮ ಎದ್ದು ನಿಂತು ತಲೆಯ ಬಟ್ಟೆ ಬೀಸಿ, ದೂರದಲ್ಲಿ ತನ್ನ ದೋಣಿಯಲ್ಲಿದ್ದ ಅಣ್ಣನನ್ನು ಕರೆದ. ಅಣ್ಣ ಎಂಜಿನ್ನಿನ ಹಿಡಿ ತಿರುಗಿಸಿದ. ಅದು ಒಮ್ಮೆ ನರಳಿ ಕಚ್ಚಿಕೊಂಡು ನಿಂತೇಹೋಯಿತು. ಉಪ್ಪುನೀರು ಕೊಳವೆಯ ಒಳಗೋಡೆಯನ್ನೂ ತಿಂದು ಎಂಜಿನ್ನಿನ ಹೊಟ್ಟೆಗೆ ಇಳಿದಿತ್ತು. ಅವನು ಹುಟ್ಟು ಹಿಡಿದು ಎದೆಯೊಡೆಯುವಂತೆ ಎಳೆದ. ದೂರ ಬಹಳವಿತ್ತು. ಅವನ ಕಣ್ಣೆದುರೇ ದೋಣಿ ಬಂಡೆಗೆ ಬಡಿಯಿತು. ತಮ್ಮ ಉಳಿಯಲಿಲ್ಲ.

ತಮ್ಮನ ಕಾರ್ಯ ಮುಗಿದ ಮೇಲೆ ಅವನು ಕೊಳವೆಯ ಬಟ್ಟೆ ಬಿಚ್ಚಿದ. ಕಬ್ಬಿಣ ಹಪ್ಪಳದಂತೆ ಕೈಯಲ್ಲೇ ಮುರಿಯಿತು. ತೇಪೆ ಮಾತ್ರ ಗಟ್ಟಿಯಾಗಿಯೇ ಇತ್ತು.

“ತೊಟ್ಟಿಕ್ಕುವಾಗ ಅದು ನನ್ನನ್ನು ಕರೀತಿತ್ತು. ನಾನು ಅದರ ಬಾಯಿ ಕಟ್ಟಿದೆ” ಎಂದು ಅವನು ಮೇಸ್ತ್ರಿಯ ಮುಂದೆ ಅತ್ತ. ಆಮೇಲೆ ಆ ದೋಣಿಯವನು ಹಾಯಿಯ ಸೂಜಿ ಮುಟ್ಟಲಿಲ್ಲ.

ಕತೆ ಮುಗಿಯಿತು. “ಪಾಪ, ಅವನಿಗೆ ಗೊತ್ತೇ ಆಗಲಿಲ್ಲ” ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿ ಕೇಳಿದರು: “ಅಕ್ಕ ನಿನ್ನನ್ನು ಬೈಯುವುದು ಬಿಟ್ಟು ಎಷ್ಟು ಕಾಲವಾಯಿತು?”