ಒಡೆಯನ ತುತ್ತು

ಕಡಲಿಗೆ ಮುಖ, ಬೆಟ್ಟಕ್ಕೆ ಬೆನ್ನು ಮಾಡಿಕೊಂಡು ಒಂದು ರಾಜ್ಯವಿತ್ತು. ಅಲ್ಲೊಬ್ಬ ರಾಜನಿದ್ದ. ಅವನ ವಿಷಯ ಆಮೇಲೆ. ರಾಜರ ಕಥೆ ಬೇಕಾದಷ್ಟು ಕೇಳಿದ್ದೀರಿ ಮಕ್ಕಳೇ, ಇವತ್ತು ಮೀನು ಬೇಯಿಸಿದವರ ಕಥೆ ಕೇಳಿ.

ಆ ಊರಲ್ಲಿ ಬೇಸಿಗೆಯಲ್ಲಿ ಬಂಗುಡೆ ಮೀನು ರಾಶಿ ರಾಶಿ. ತಿಂದು ಮುಗಿಯದೆ ತೆಂಗಿನ ಬುಡಕ್ಕೆ ಸುರಿಯುತ್ತಿದ್ದರು. ಮಳೆ ಬಂತೆಂದರೆ ದೋಣಿ ನಿಂತಿತು, ಒಲೆ ಆರಿತು. ಇದನ್ನು ನೋಡಿ ನೋಡಿ ಕುಪ್ಪಮ್ಮನೆಂಬ ಮೀನು ಮಾರುವ ಹೆಂಗಸಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು. ಮೀನನ್ನು ತಗಡಿನ ಡಬ್ಬಿಗೆ ತುಂಬಿದಳು. ಮುಚ್ಚಳಕ್ಕೆ ಬೆಸುಗೆ ಹಾಕಿದಳು. ಕುದಿಯುವ ಹಂಡೆಯಲ್ಲಿಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಯಿಸಿದಳು. ಆಷಾಢದಲ್ಲಿ ತೆರೆದರೆ ಮೀನು ಹಾಗೇ ಇತ್ತು!

"ತಗಡಿನೊಳಗಿನ ಮೀನು ತಿಂದು ಸಾಯೋಕಾ?" ಅಂದರು ಜನ.

"ಯಾವ ಡಬ್ಬಿ ಬೇಕೋ ನೀವೇ ಆರಿಸಿ. ಮೊದಲ ತುತ್ತು ನಾನು ತಿಂತೇನೆ. ನಾನು ಸತ್ತರೆ ಕೊಳ್ಳಬೇಡಿ" ಅಂದಳು ಕುಪ್ಪಮ್ಮ.

ಅಂದಿನಿಂದ ಅದೇ ಪದ್ಧತಿ. ಮಾಲು ಹೊರಡುವ ದಿನ ಕೆಲಸದವರು ಒಂದು ಡಬ್ಬಿ ಆರಿಸಬೇಕು, ಎಲ್ಲರೆದುರು ಒಡೆಯ ಮೊದಲ ತುತ್ತು ತಿನ್ನಬೇಕು. ಕುಪ್ಪಮ್ಮ ತಿಂದಳು, ಜನ ನಂಬಿದರು, ಕಾರ್ಖಾನೆ ಎದ್ದಿತು. ಅವಳ ಮಗ ನಾಗಪ್ಪ ತಿಂದ, ಕಾರ್ಖಾನೆ ಬೆಳೆಯಿತು. ಆಮೇಲೆ ಮೊಮ್ಮಗ ಶೀನಪ್ಪ ಬಂದ.

ಶೀನಪ್ಪನಿಗೆ ಸೌದೆ ಉರಿಯುವುದು ಕಂಡರೆ ಹೊಟ್ಟೆ ಉರಿಯುತ್ತಿತ್ತು. "ಅರ್ಧ ಹೊತ್ತು ಬೇಯಿಸಿದರೆ ಸಾಕು" ಅಂದ. ವಾರ ಕಳೆಯುವುದರೊಳಗೆ ಡಬ್ಬಿಗಳ ಮುಚ್ಚಳ ಉಬ್ಬಿತು. ಮುಚ್ಚಳ ಉಬ್ಬಿದರೆ ಒಳಗೆ ಕೊಳೆತಿದೆ ಎಂದೇ ಅರ್ಥ.

ಬೆಸುಗೆ ಹಾಕುವ ಹೆಂಗಸರ ಮುಂದಾಳು ಪದ್ದುವನ್ನು ಅವನು ಕರೆದ. "ಮೊಳೆ ಚುಚ್ಚಿ ಗಾಳಿ ಬಿಡಿ, ತಟ್ಟಿ ಸಪಾಟು ಮಾಡಿ, ತೂತು ಮುಚ್ಚಿ. ಇದು ಕಡಲ ನಡುವಿನ ಕೋಟೆಗೆ ಹೋಗೋ ಮಾಲು. ಮಳೆಗಾಲ ಪೂರ್ತಿ ಸಿಪಾಯಿಗಳು ಇದನ್ನೇ ತಿನ್ನಬೇಕು. ದೂರು ಹೇಳೋಕೆ ಯಾರು ಈಜಿಕೊಂಡು ಬರ್ತಾರೆ?"

"ನನ್ನ ತಮ್ಮನೂ ಅಲ್ಲಿದ್ದಾನೆ ಒಡೆಯಾ."

"ಪುಣ್ಯವಂತ! ಅಕ್ಕನ ಕೈಯೂಟ ಅವನಿಗೆ."

ಪದ್ದು ಅರಮನೆಗೆ ಓಡಿದಳು. "ಶೀನಪ್ಪನವರು ನಮಗೆ ಬೇಕಾದವರು. ನೀನು ಮೀನು ನಾರ್ತೀಯ, ದೂರ ನಿಲ್ಲು" ಅಂದ ಬಾಗಿಲು ಕಾಯುವವನು. ನ್ಯಾಯಕ್ಕೆ ಮೂಗು ಅಡ್ಡ ಬಂತು, ನೋಡಿ!

ಬೇರೆ ದಾರಿ ಕಾಣದೆ ಹೆಂಗಸರು ಮುಚ್ಚಳ ತಟ್ಟಿ ತೂತು ಮುಚ್ಚಿದರು. ಮಾಲು ಹೊರಡುವ ದಿನ ಹತ್ತಿರ ಬಂತು. ಶೀನಪ್ಪ ಮತ್ತೆ ಪದ್ದುವನ್ನು ಕರೆದ. "ಈ ಸಲ ಡಬ್ಬಿ ನಾನೇ ಆರಿಸ್ತೇನೆ. ನನಗೆ ಅಂತ ಒಂದನ್ನು ಪೂರ್ತಿ ಬೇಯಿಸು. ಗುರುತಿಗೆ ಮುಚ್ಚಳದ ಮೇಲೆ ಬೆಸುಗೆಯಲ್ಲೇ ಒಂದು ತಾವರೆ ಮಾಡು."

"ಆಗಲಿ ಒಡೆಯಾ" ಅಂದಳು ಪದ್ದು. ನೇರ ಹೆಂಗಸರ ಬಳಿ ಹೋದಳು. "ತಾವರೆ ಮಾಡ್ರೇ. ಒಂದಕ್ಕಲ್ಲ, ಎಲ್ಲದಕ್ಕೂ!"

ಆ ದಿನ ಕೋಟೆಗೆ ಹೋಗುವ ಮಾಲು ನೋಡಲು ರಾಜ ಬಂದ, ಕೊಡೆ ಬಂತು, ಕಹಳೆ ಮೊಳಗಿತು. ಶೀನಪ್ಪ ಎದ್ದು ನಿಂತ. "ಅಜ್ಜಿ ಕಟ್ಟಿದಳು, ಅಪ್ಪ ಬೆಳೆಸಿದ, ನಾನು ಮೆರೆಸಿದೆ!"

"ಬೇಯಿಸಿದವರು ಯಾರಪ್ಪಾ?" ಅಂದಿತು ಹಿಂದಿನಿಂದ ಒಂದು ದನಿ. ಹೆಂಗಸರೆಲ್ಲ ನಕ್ಕರು.

ಶೀನಪ್ಪ ರಾಶಿಯತ್ತ ಕೈ ಚಾಚಿದ. ಒಂದು ಡಬ್ಬಿ ಎತ್ತಿದ, ತಾವರೆ. ಇನ್ನೊಂದು ಎತ್ತಿದ, ತಾವರೆ. ಮತ್ತೊಂದು, ಅದಕ್ಕೂ ತಾವರೆ! ಡಬ್ಬಿ ಹಿಡಿದೇ ರಾಜನತ್ತ ತಿರುಗಿದ.

"ಪ್ರಭು, ಇವತ್ತು ನನಗೆ ಉಪವಾಸ."

"ಬೆಳಿಗ್ಗೆ ನನ್ನ ಜೊತೆ ಕಡುಬು ತಿಂದೆಯಲ್ಲ?" ಅಂದ ರಾಜ.

"ಅಂದರೆ... ಹಲ್ಲುನೋವು."

"ಮೆತ್ತಗಿದೆ ಒಡೆಯಾ, ಹಾಗೇ ನುಂಗಿ" ಅಂದಳು ಪದ್ದು.

"ಹಾಗಾದರೆ ಮೊದಲ ತುತ್ತು ಪ್ರಭುಗಳಿಗೇ ಸಲ್ಲಲಿ!" ಎಂದು ಶೀನಪ್ಪ ಡಬ್ಬಿಯನ್ನು ರಾಜನತ್ತ ಚಾಚಿದ.

ಪದ್ದು ಅಡ್ಡ ಬಂದಳು. ಅವನ ಕೈಯ ಡಬ್ಬಿ ಕಿತ್ತುಕೊಂಡು ಮುಚ್ಚಳ ಕೊಯ್ದಳು. ಗಬ್ಬು ನಾತ! ಕೊಡೆ ಹಿಡಿದವನು ಕೊಡೆ ಬಿಟ್ಟು ಓಡಿದ. ಉಳಿದ ಡಬ್ಬಿಗಳೂ ಹೀಗೇ ಎಂದು ಪದ್ದು ಎಲ್ಲವನ್ನೂ ಹೇಳಿದಳು.

"ನನ್ನ ಬಾಯಿಗೇ ವಿಷವೇ? ಇವನ ತಲೆ ತೆಗೆಯಿರಿ!" ಎಂದು ರಾಜ ಗುಡುಗಿದ. ಸಿಪಾಯಿಗಳ ತಟ್ಟೆಗೆ ಹೋಗುತ್ತಿದ್ದಾಗ ಕೇಳಿಸದೇ ಇದ್ದದ್ದು, ತನ್ನ ತಟ್ಟೆಗೆ ಬಂದಾಗ ಕೇಳಿಸಿತು. ರಾಜರು ಹಾಗೇ ಮಕ್ಕಳೇ, ಮರೆಯಬೇಡಿ.

"ತಲೆ ತಗೊಂಡು ನಾವೇನು ಮಾಡೋಣ ಪ್ರಭು?" ಅಂದಳು ಪದ್ದು. "ಇವರ ಬಾಯಿ ನಮಗೆ ಕೊಡಿ. ಇನ್ನು ಮೇಲೆ ದಿನಾ ಮಧ್ಯಾಹ್ನ ನಾವು ಆರಿಸಿದ ಡಬ್ಬಿಯೇ ಇವರ ಊಟ. ಬೇರೆ ಏನೂ ಇಲ್ಲ."

"ಹಾಗೇ ಆಗಲಿ" ಅಂದ ರಾಜ.

ಕೊಳೆತದ್ದನ್ನೆಲ್ಲ ತೆಂಗಿನ ಬುಡದಲ್ಲಿ ಹೂತರು. ಮಳೆಗೆ ಇನ್ನೂ ಸಮಯವಿತ್ತು. ಹೊಸ ಮೀನು ತಂದರು, ಹೊಸದಾಗಿ ಹಂಡೆ ಏರಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಶೀನಪ್ಪನೇ ಸೌದೆ ಹೊತ್ತು ಬರುತ್ತಿದ್ದಾನೆ! "ಇನ್ನೂ ಸ್ವಲ್ಪ ಉರಿ ಹಾಕು ಪದ್ದಕ್ಕಾ, ಚೆನ್ನಾಗಿ ಬೇಯಲಿ!"

ಮಳೆ ನಿಂತ ಮೇಲೆ ಕೋಟೆಯಿಂದ ಪದ್ದುವಿನ ತಮ್ಮ ಬಂದ. ಕೆನ್ನೆ ತುಂಬಿಕೊಂಡಿತ್ತು.

ಆ ಕಾರ್ಖಾನೆ ಇವತ್ತಿಗೂ ಇದೆ. ಅದು ಇಷ್ಟು ಹಳೆಯದಾದದ್ದು ಒಡೆಯರ ಹೆಸರಿನಿಂದಲ್ಲ, ಅವರ ಬಾಯಿಯ ಮೇಲೆ ಕಣ್ಣಿಟ್ಟವರಿಂದ. ನೀತಿ ಇಷ್ಟೇ: ತಾನು ತಿನ್ನದ್ದನ್ನು ಊರಿಗೆ ಬಡಿಸುವವನನ್ನು ನಂಬಬೇಡಿ. ಅವನನ್ನು ಪಂಕ್ತಿಯಲ್ಲಿ ಕೂರಿಸಿ, ಮೊದಲು ಅವನಿಗೇ ಬಡಿಸಿ.