ಹಳ್ಳದಿಂದ ಎದ್ದ ಕಲ್ಲು

ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ, ಇತಿಹಾಸ ಹುಟ್ಟುವ ಮೊದಲೇ ಯಾರೋ ನಿಲ್ಲಿಸಿದ್ದ ಕಲ್ಲೊಂದು ಆಳದ ಹಳ್ಳಕ್ಕೆ ಅಡ್ಡಬಿದ್ದು ತಲೆಮಾರುಗಳೇ ಕಳೆದಿದ್ದವು. ಅದರ ಬೆನ್ನ ಮೇಲೆ ಕಾಲಿಟ್ಟೇ ಕುರಿಗಳು ಆಚೆಯ ಹುಲ್ಲಿಗೆ ಹೋಗಿಬರುತ್ತಿದ್ದವು. ಈ ವರ್ಷ ತಿಳಿದವರು ಬಂದು, ಕ್ರೇನ್ ತರಿಸಿ, ಕಲ್ಲನ್ನೆತ್ತಿ ದಿಬ್ಬದ ಮೇಲೆ ಮತ್ತೆ ನಿಲ್ಲಿಸಿದರು. ಸುತ್ತ ಬೇಲಿ ಹಾಕಿ, ಜನರಿಗೆಂದು ಗೇಟು ಇಟ್ಟರು. ದೋಣಿಗಟ್ಟಲೆ ಜನ ಬಂದರು.

ಒಂದು ಕುರಿಯೂ ಬಂತು. ಗೇಟು ತನಗಲ್ಲವೆಂದು ತಿಳಿದು ಬೇಲಿಯ ಹೊರಗೇ ನಿಂತಿತು.

“ನೋಡಿದೆಯಾ, ನನ್ನ ಮರ್ಯಾದೆ ನನಗೆ ಮರಳಿ ಬಂತು,” ಎಂದಿತು ಕಲ್ಲು. “ಕಡಲು ದಾಟಿ ಬಂದವರು ನನ್ನನ್ನು ಮುಟ್ಟಿ ಭಕ್ತಿಯಿಂದ ಕಣ್ಣು ಮುಚ್ಚಿ ನಿಲ್ಲುತ್ತಾರೆ. ನಿಮ್ಮ ಗೊರಸಿನ ಕೆಸರು ಮೆತ್ತಿಸಿಕೊಂಡು ಬಿದ್ದಿದ್ದ ಕಾಲ ನೆನೆದರೆ ಈಗಲೂ ಮೈ ಉರಿಯುತ್ತದೆ.”

“ಆಗ ನಿನ್ನನ್ನು ಯಾರೂ ಹೊಗಳಲಿಲ್ಲ, ನಿಜ,” ಎಂದಿತು ಕುರಿ. “ನಾವೂ ಹೊಗಳಲಿಲ್ಲ.”

“ಹೊಗಳುವಂಥದ್ದು ಅಲ್ಲೇನಿತ್ತು? ಆ ಹಾಳು ಹಳ್ಳದಲ್ಲಿ ನನ್ನ ಜಾಗ ಖಾಲಿಯೇ ಇರಬೇಕು. ಇನ್ಯಾರು ಹೋಗಿ ಮಲಗುತ್ತಾರೆ?”

ಕುರಿ ಹಳ್ಳದ ಕಡೆ ತಿರುಗಿ ನೋಡಿತು.

“ನನ್ನ ಮರಿ ಮಲಗಿದೆ,” ಎಂದಿತು. “ನಿನ್ನ ಬೆನ್ನು ಇನ್ನೂ ಅಲ್ಲೇ ಇದೆ ಅಂದುಕೊಂಡು ಕಾಲಿಟ್ಟಿತು.”